ನಿಮಗಿದು ಗೊತ್ತೇ? ಸಿಗರೇಟು ಬಿಡಲು ಜೊತೆ ಬೇಕು

● ಸಿಗರೇಟು ಪ್ಯಾಕಿನ ಮೇಲೆ ಆ ಭೀಕರ ಚಿತ್ರದ ಜೊತೆಗೆ ಒಂದು ಫೋನ್ ನಂಬರ್ ಇರುತ್ತದೆ: 1800-11-2356. 2018ರ ಸೆಪ್ಟೆಂಬರ್ 1ರಿಂದ ಇದನ್ನು ಅಚ್ಚು ಹಾಕುವುದು ಕಡ್ಡಾಯ. ಅದು ದೂರು ಕೊಡುವ ನಂಬರಲ್ಲ, ತಂಬಾಕು ಬಿಡಬೇಕು ಎನ್ನುವವರಿಗಾಗಿ ಕೇಂದ್ರ ಸರ್ಕಾರ ನಡೆಸುತ್ತಿರುವ ಉಚಿತ ಸಹಾಯವಾಣಿ. 2016ರ ಮೇ 30ರಂದು ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ ಶುರುವಾಯಿತು.

● ಆ ನಂಬರಿಗೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2018ರಲ್ಲಿ ಸಹಾಯವಾಣಿಯನ್ನು ವಿಸ್ತರಿಸಿದಾಗ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ, ಗುವಾಹಟಿಯ ಬರೂವಾ ಕ್ಯಾನ್ಸರ್ ಸಂಸ್ಥೆಗಳ ಜೊತೆ ಬೆಂಗಳೂರಿನ ನಿಮ್ಹಾನ್ಸ್ ಕೂಡ ಕೇಂದ್ರವಾಯಿತು. ದಕ್ಷಿಣದ ಭಾಷೆಗಳ ಕರೆಗಳನ್ನು ನೋಡಿಕೊಳ್ಳುವುದು ನಿಮ್ಹಾನ್ಸ್. ಈ ಕೆಲಸ ಅದಕ್ಕೆ ಹೊಸದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ 2002ರಲ್ಲಿ ದೇಶದಲ್ಲಿ ಮೊದಲ 13 ತಂಬಾಕು ವರ್ಜನ ಕ್ಲಿನಿಕ್‌ಗಳು ತೆರೆದಾಗ ಅವುಗಳಲ್ಲಿ ಒಂದು ನಿಮ್ಹಾನ್ಸ್‌ನಲ್ಲೇ ಇತ್ತು.

● ಬಿಡಿಯಾಗಿ ಒಂದೊಂದೇ ಸಿಗರೇಟು ಕೊಳ್ಳುವವನ ಕಣ್ಣಿಗೆ ಈ ನಂಬರ್ ಬೀಳುವುದೇ ಇಲ್ಲ. ಪ್ಯಾಕ್ ಅಂಗಡಿಯವನ ಬಳಿ ಉಳಿಯುತ್ತದೆ, ಕೈಗೆ ಬರುವುದು ಬರೀ ಕಡ್ಡಿ. ಕರ್ನಾಟಕ ಸರ್ಕಾರ 2017ರಲ್ಲೇ ಬಿಡಿ ಮಾರಾಟವನ್ನು ನಿಷೇಧಿಸಿದೆ. ಆದರೂ ಬಸ್‌ಸ್ಟ್ಯಾಂಡ್ ಪಕ್ಕದ ಗೂಡಂಗಡಿಯಲ್ಲಿ ಐದು ನಿಮಿಷ ನಿಂತರೆ ಸಾಕು, ಆ ನಿಷೇಧದ ಗತಿ ಏನಾಗಿದೆ ಎಂದು ಗೊತ್ತಾಗುತ್ತದೆ. ದಿನಗೂಲಿ ದುಡಿದು ಒಂದೊಂದೇ ಕೊಳ್ಳುವವನಿಗೆ ಉಚಿತ ನೆರವು ಎಲ್ಲರಿಗಿಂತ ಹೆಚ್ಚು ಬೇಕು. ಅದರ ವಿಳಾಸ ತಲುಪದಿರುವುದು ಅವನಿಗೇ ಎಂಬುದು ನನಗೆ ತುಂಬ ನೋವಿನ ಸಂಗತಿ.

● ತಂಬಾಕಿನ ಹಿಡಿತ ಎಷ್ಟು ಬಿಗಿಯಾಗಿದೆ ಎಂದು ತಿಳಿಯಲು ಕೌನ್ಸೆಲರ್‌ಗಳು ಕೇಳುವ ಮುಖ್ಯ ಪ್ರಶ್ನೆ “ದಿನಕ್ಕೆಷ್ಟು ಸೇದ್ತೀರಿ?” ಎಂಬುದೊಂದೇ ಅಲ್ಲ. “ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೇದು ಹಚ್ತೀರಿ?” ಎಂದೂ ಕೇಳುತ್ತಾರೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಕಾರ್ಲ್ ಫಾಗರ್‌ಸ್ಟ್ರೋಮ್ 1978ರಲ್ಲಿ ರೂಪಿಸಿದ ಪ್ರಶ್ನಾವಳಿ ಸುಧಾರಣೆಯಾಗಿ ಇಂದಿಗೂ ಬಳಕೆಯಲ್ಲಿದೆ. ಎದ್ದ ಐದು ನಿಮಿಷದೊಳಗೆ ಹಚ್ಚುವವರಿಗೆ 3 ಅಂಕ, ಅರ್ಧ ಗಂಟೆಯೊಳಗಾದರೆ 2, ಒಂದು ಗಂಟೆಯೊಳಗಾದರೆ 1, ಅದಕ್ಕೂ ತಡವಾದರೆ ಸೊನ್ನೆ. ರಾತ್ರಿಯಿಡೀ ನಿಕೋಟಿನ್ ಇಲ್ಲದೆ ಮಲಗಿದ ಮೆದುಳು ಬೆಳಿಗ್ಗೆ ಎಷ್ಟು ಬೇಗ ಅದನ್ನು ಕೇಳುತ್ತದೆ ಎಂಬುದೇ ಇಲ್ಲಿನ ಅಳತೆ.

● ಎಳೆದ ಹೊಗೆಯಲ್ಲಿನ ನಿಕೋಟಿನ್ ಮೆದುಳು ಮುಟ್ಟಲು 10ರಿಂದ 20 ಸೆಕೆಂಡು ಸಾಕು.

● ಯಾರ ನೆರವೂ ಇಲ್ಲದೆ, “ಇವತ್ತಿಗೆ ಮುಗೀತು” ಎಂದು ನಿರ್ಧರಿಸಿ ಬಿಟ್ಟವರಲ್ಲಿ ಆರು ತಿಂಗಳಿಂದ ವರ್ಷದ ಹೊತ್ತಿಗೆ ಸೇದದೆ ಉಳಿಯುವವರು ನೂರಕ್ಕೆ 3ರಿಂದ 5 ಮಂದಿ. ಹೆಚ್ಚಿನವರು ಎಡವುವುದು ಮೊದಲ ಎಂಟು ದಿನಗಳಲ್ಲೇ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2004ರಲ್ಲಿ ಅಮೆರಿಕದ ಸಂಶೋಧಕರು ಕೊಟ್ಟ ಲೆಕ್ಕವಿದು. ಮನೆಯಲ್ಲಿ ಯಾರಾದರೂ ಬಿಟ್ಟು ಮತ್ತೆ ಹಿಡಿದರೆ “ಇವನಿಗೆ ಮನಸ್ಸು ಗಟ್ಟಿ ಇಲ್ಲ” ಎಂದುಬಿಡುತ್ತೇವೆ. ನೂರರಲ್ಲಿ ತೊಂಬತ್ತೈದು ಮಂದಿಗೆ ಆಗುವುದನ್ನು ಒಬ್ಬನ ಸ್ವಭಾವದ ದೋಷ ಎನ್ನುವುದು ನ್ಯಾಯವಲ್ಲ.

● ವೈದ್ಯರು ಹೇಳುವ ಒಂದೆರಡು ನಿಮಿಷದ ಮಾತಿಗೂ ಬೆಲೆ ಇದೆ ಎಂದು ಮೊದಲು ಲೆಕ್ಕ ಹಾಕಿ ತೋರಿಸಿದವರು ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಮನೋವೈದ್ಯ ಮೈಕೆಲ್ ರಸೆಲ್. 1979ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಲಂಡನ್ನಿನ 28 ಕುಟುಂಬ ವೈದ್ಯರ ಬಳಿ ಬಂದ 2,138 ಧೂಮಪಾನಿಗಳಿದ್ದರು. ಅವರನ್ನು ನಾಲ್ಕು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಏನೂ ಹೇಳಲಿಲ್ಲ. ಇನ್ನೊಂದಕ್ಕೆ ಪ್ರಶ್ನಾವಳಿ ಮಾತ್ರ. ಮೂರನೆಯದಕ್ಕೆ “ಬಿಟ್ಟುಬಿಡಿ” ಎಂಬ ಸಲಹೆ. ನಾಲ್ಕನೆಯದಕ್ಕೆ ಸಲಹೆಯ ಜೊತೆ ಒಂದು ಕರಪತ್ರ, ಮೇಲೆ “ಮುಂದೆ ಮತ್ತೆ ವಿಚಾರಿಸ್ತೀವಿ” ಎಂಬ ಮಾತು.

ಮೊದಲ ತಿಂಗಳಲ್ಲೇ ಬಿಟ್ಟು ವರ್ಷ ಕಳೆದರೂ ಮುಟ್ಟದೆ ಉಳಿದವರು ಕ್ರಮವಾಗಿ ಶೇ 0.3, 1.6, 3.3 ಮತ್ತು 5.1. ಐದು ಪರ್ಸೆಂಟ್ ಅಷ್ಟೇನಾ ಎನಿಸಬಹುದು. ರಸೆಲ್ ಅದನ್ನು ದೇಶದ ಮಟ್ಟಕ್ಕೆ ಗುಣಿಸಿ ನೋಡಿದರು. ಬ್ರಿಟನ್ನಿನ ಎಲ್ಲ ಕುಟುಂಬ ವೈದ್ಯರೂ ಇಷ್ಟನ್ನೇ ಮಾಡಿದರೆ ವರ್ಷಕ್ಕೆ ಐದು ಲಕ್ಷಕ್ಕೂ ಹೆಚ್ಚು ಜನ ಬಿಡುತ್ತಾರೆ. ಆಗ ಆ ದೇಶದಲ್ಲಿದ್ದ ಸುಮಾರು 50 ವಿಶೇಷ ಕ್ಲಿನಿಕ್‌ಗಳನ್ನು 10,000ಕ್ಕೆ ಏರಿಸಿದರೂ ಅಷ್ಟು ಸಾಧ್ಯವಿಲ್ಲ ಎಂದು ಅವರು ಬರೆದರು. ಈ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಮೂರನೇ ಮತ್ತು ನಾಲ್ಕನೇ ಗುಂಪಿನ ನಡುವಿನ ಅಂತರ. ಆ ಅಂತರ ತಂದದ್ದು ಔಷಧವಲ್ಲ, ಯಂತ್ರವಲ್ಲ. ಒಂದು ಹಾಳೆ, ಮತ್ತೆ ಕೇಳುವವರಿದ್ದಾರೆ ಎಂಬ ಅರಿವು, ಅಷ್ಟೇ.

● ವೈದ್ಯರ ಮಾತಿನ ಜೊತೆ ಇನ್ನಷ್ಟು ನೆರವು ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮ ಪಕ್ಕದ ಕೇರಳದಲ್ಲಿ ಸಕ್ಕರೆ ಕಾಯಿಲೆಯವರ ನಡುವೆ ಪರೀಕ್ಷಿಸಿದರು. ಬೀಡಿ, ಸಿಗರೇಟು ಸೇದುವ 224 ಮಧುಮೇಹಿಗಳಿಗೆ ವೈದ್ಯರು ಬಿಡಲು ಹೇಳಿದರು. ಅರ್ಧದಷ್ಟು ಜನರಿಗೆ ಇದರ ಜೊತೆಗೆ ವೈದ್ಯರಲ್ಲದ ಆರೋಗ್ಯ ಸಿಬ್ಬಂದಿ ಕೂತು ಮಾತಾಡಿ, ಮಧುಮೇಹಕ್ಕೂ ಹೊಗೆಗೂ ಇರುವ ಸಂಬಂಧ ವಿವರಿಸಿ ಸಮಾಲೋಚನೆ ನಡೆಸಿದರು. ಆರು ತಿಂಗಳ ನಂತರ ವೈದ್ಯರ ಮಾತು ಮಾತ್ರ ಕೇಳಿದವರಲ್ಲಿ ಶೇ 12.5 ಮಂದಿ ಬಿಟ್ಟಿದ್ದೇವೆ ಎಂದರೆ, ಸಮಾಲೋಚನೆ ಪಡೆದವರಲ್ಲಿ ಶೇ 51.8. ಇದು ಅವರವರು ಹೇಳಿದ್ದನ್ನು ಬರೆದುಕೊಂಡ ಲೆಕ್ಕ, ರಕ್ತವನ್ನೋ ಉಸಿರನ್ನೋ ಪರೀಕ್ಷಿಸಿದ್ದಲ್ಲ. ಹಾಗಾಗಿ ಸ್ವಲ್ಪ ಕಡಿಮೆ ಮಾಡಿಕೊಂಡೇ ಓದಬೇಕು. ಎಷ್ಟು ಕಡಿಮೆ ಮಾಡಿದರೂ ದೊಡ್ಡ ಅಂತರವೇ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿಪಿ, ಶುಗರ್ ತಪಾಸಣೆಗೆ ಸಾಲು ನಿಲ್ಲುವವರ ಜೊತೆ ಇಷ್ಟು ಮಾತಾಡಲು ಒಬ್ಬರನ್ನು ನೇಮಿಸುವುದು ಎಷ್ಟೊಂದು ಜೀವ ಉಳಿಸೀತು!

● ಸಹಾಯವಾಣಿಯಿಂದ ಯಾವ ಯಾವ ದಿನ ಫೋನ್ ಮಾಡಬೇಕು ಎಂಬುದರ ಹಿಂದೆಯೂ ಸಂಶೋಧನೆ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1992ರಲ್ಲಿ ಧೂಮಪಾನಿಗಳ ಸಹಾಯವಾಣಿ ತೆರೆಯಿತು. ಅದರ ಸಂಶೋಧನೆ ನಡೆಸಿದ ಶು-ಹಾಂಗ್ ಝು ವಾರಕ್ಕೊಂದು ಕರೆ ಎಂಬ ಸಮನಾದ ವೇಳಾಪಟ್ಟಿಯನ್ನು ಕೈಬಿಟ್ಟರು. ಬಿಟ್ಟ ಮರುದಿನ ಒಂದು ಕರೆ, ಮೂರನೇ ದಿನ, ಏಳನೇ ದಿನ, ಹದಿನಾಲ್ಕನೇ ದಿನ, ಕೊನೆಗೆ ಮೂವತ್ತನೇ ದಿನ. ಜಾರುವ ಅಪಾಯ ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಕರೆಗಳೂ ದಟ್ಟ. ಜಗತ್ತಿನ ಹಲವು ಸಹಾಯವಾಣಿಗಳು ಆಮೇಲೆ ಈ ಪದ್ಧತಿಯನ್ನೇ ಹಿಡಿದವು.

● ಸಹಾಯ ಕೇಳಿ ಬಂದವರನ್ನು ಪ್ರಯೋಗಕ್ಕೆಂದು ಬರಿಗೈಯಲ್ಲಿ ಕಳಿಸುವುದು ಸರಿಯೇ? ಕ್ಯಾಲಿಫೋರ್ನಿಯಾದ ಇದೇ ಸಹಾಯವಾಣಿಯ 3,282 ಜನರ ಪ್ರಯೋಗದಲ್ಲಿ ಅದಕ್ಕೊಂದು ಒಳ್ಳೆಯ ದಾರಿ ಹುಡುಕಿದರು. ಒಂದು ಗುಂಪಿಗೆ ಸಂಸ್ಥೆಯೇ ಫೋನ್ ಮಾಡಿ ಸಮಾಲೋಚನೆ ಕೊಟ್ಟಿತು. ಇನ್ನೊಂದು ಗುಂಪಿನವರು ತಾವಾಗಿ ಮತ್ತೆ ಫೋನ್ ಮಾಡಿ ಕೇಳಿದರೆ ಅವರಿಗೂ ಇಲ್ಲವೆನ್ನಲಿಲ್ಲ. ಹೀಗೆ ಎರಡೂ ಕಡೆ ನೆರವು ಸಿಕ್ಕಿದರೂ ವರ್ಷದ ಕೊನೆಗೆ ಬಿಟ್ಟವರ ಪ್ರಮಾಣದಲ್ಲಿ ಶೇ 9.1ಕ್ಕೆ ಎದುರಾಗಿ ಶೇ 6.9 ಎಂಬ ಅಂತರ ಉಳಿಯಿತು. 2002ರಲ್ಲಿ ಪ್ರಕಟವಾದ ಈ ಅಂಕಿ ಚಿಕ್ಕದಾಗಿ ಕಾಣುವುದು ಆ ಪ್ರಾಮಾಣಿಕತೆಯಿಂದಲೇ.

● ಕ್ಯಾಲಿಫೋರ್ನಿಯಾದ ಸಹಾಯವಾಣಿ ಇಂಗ್ಲಿಷ್, ಸ್ಪ್ಯಾನಿಷ್ ಅಲ್ಲದೆ ಚೀನೀ, ಕೊರಿಯನ್, ವಿಯೆಟ್ನಾಮಿ ಭಾಷೆಗಳಲ್ಲೂ ಕೆಲಸ ಮಾಡುತ್ತದೆ. ಈ ಏಷ್ಯಾದ ಭಾಷೆಗಳಲ್ಲಿ ಬರುವ ಕರೆಗಳಲ್ಲಿ ಒಂದು ವಿಶೇಷ ಕಂಡಿತು. ಸೇದುವವರ ಪರವಾಗಿ ಮನೆಯವರೇ ಫೋನ್ ಮಾಡುವುದು ಇಂಗ್ಲಿಷ್ ಕರೆಗಳಿಗಿಂತ ಬಹಳ ಹೆಚ್ಚು, ಅವರಲ್ಲಿ ಬಹುಪಾಲು ಹೆಂಗಸರು. ಗಂಡನಿಗಾಗಿ, ಅಪ್ಪನಿಗಾಗಿ ಮಾಡಿದ ಆ ಕರೆಗಳು ನಮಗೆ ಪರಕೀಯ ಎನಿಸುವುದಿಲ್ಲ.

● ಇಂಗ್ಲೆಂಡ್ 1999ರಲ್ಲಿ ಹಿಂದುಳಿದ ಕೆಲವು ಪ್ರದೇಶಗಳಲ್ಲಿ ಮೊದಲು, ಮರುವರ್ಷ ದೇಶದ ಉದ್ದಗಲಕ್ಕೂ ಸರ್ಕಾರಿ ಆರೋಗ್ಯ ಸೇವೆಯ ಒಳಗೇ ಧೂಮಪಾನ ಬಿಡಿಸುವ ಕೇಂದ್ರಗಳನ್ನು ತೆರೆಯಿತು. ತರಬೇತಿ ಪಡೆದವರೊಂದಿಗೆ ವಾರವಾರ ಭೇಟಿ, ಜೊತೆಗೆ ಔಷಧ. ಎರಡು ಪ್ರದೇಶಗಳಲ್ಲಿ ಸುಮಾರು ಎರಡು ಸಾವಿರ ಮಂದಿಯನ್ನು ವರ್ಷವಿಡೀ ಹಿಂಬಾಲಿಸಿ ನೋಡಿದಾಗ ನಾಲ್ಕನೇ ವಾರದಲ್ಲಿ ಬಿಟ್ಟಿದ್ದವರು ಶೇ 53, ವರ್ಷದ ಕೊನೆಗೆ ಉಸಿರು ಪರೀಕ್ಷೆಯಲ್ಲೂ ಖಚಿತವಾದವರು ಶೇ 14.6. ಅರ್ಧಕ್ಕರ್ಧ ಜನ ಬಿಟ್ಟರು ಎಂದು ಜಾಹೀರಾತು ಕೊಡುವವರು ಯಾವ ವಾರದ ಲೆಕ್ಕ ಹೇಳುತ್ತಿದ್ದಾರೆ ಎಂದು ಕೇಳುವುದು ಒಳ್ಳೆಯದು.

● ಹಾಗೆ ಕೇಳಲು ಒಂದು ಅಳತೆಗೋಲೇ ಇದೆ. 2005ರಲ್ಲಿ ರಾಬರ್ಟ್ ವೆಸ್ಟ್ ಮತ್ತು ಸಂಗಡಿಗರು ರೂಪಿಸಿದ ಅದಕ್ಕೆ ಮೈಕೆಲ್ ರಸೆಲ್ ಅವರ ಹೆಸರಿನಲ್ಲಿ ‘ರಸೆಲ್ ಮಾನದಂಡ’ ಎನ್ನುತ್ತಾರೆ. ಕನಿಷ್ಠ ಆರು ತಿಂಗಳು ನೋಡಬೇಕು. ಬಾಯಿಮಾತಿಗೆ ದೇಹದ ಪರೀಕ್ಷೆಯ ಸಾಕ್ಷಿ ಇರಬೇಕು. ಎಲ್ಲಕ್ಕಿಂತ ಕಠಿಣವಾದದ್ದು ಇದು: ಮಧ್ಯೆ ಬರುವುದನ್ನು ನಿಲ್ಲಿಸಿದವರು, ಫೋನ್ ಎತ್ತದವರು ಎಲ್ಲರೂ ಮತ್ತೆ ಸೇದುತ್ತಿದ್ದಾರೆ ಎಂದೇ ಎಣಿಸಬೇಕು.

● ಆ ಉಸಿರು ಪರೀಕ್ಷೆ ಹೀಗಿರುತ್ತದೆ. ಕೈಯಲ್ಲಿ ಹಿಡಿಯುವಷ್ಟು ಪುಟ್ಟ ಯಂತ್ರ. ಆಳವಾಗಿ ಉಸಿರೆಳೆದು ಹದಿನೈದು ಸೆಕೆಂಡು ಬಿಗಿಹಿಡಿದು, ಕೊಳವೆಯೊಳಗೆ ನಿಧಾನವಾಗಿ ಪೂರ್ತಿ ಊದಬೇಕು. ಪರದೆಯ ಮೇಲೆ ಅಂಕಿ ಏರುತ್ತ ಹೋಗುತ್ತದೆ. ಅದು ಉಸಿರಿನಲ್ಲಿರುವ ಕಾರ್ಬನ್ ಮಾನಾಕ್ಸೈಡ್; ಹತ್ತು ಲಕ್ಷ ಭಾಗದಲ್ಲಿ ಹತ್ತಕ್ಕಿಂತ ಕಡಿಮೆ ಇದ್ದರೆ ಸೇದಿಲ್ಲ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಈ ಅನಿಲ ಕೆಲವೇ ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಬಿಟ್ಟ ಒಂದೆರಡು ದಿನದಲ್ಲೇ ಅಂಕಿ ಕೆಳಗಿಳಿದದ್ದು ಕಣ್ಣಿಗೆ ಕಾಣುತ್ತದೆ. ಕಳ್ಳತನ ಹಿಡಿಯಲೆಂದು ಬಂದ ಯಂತ್ರ ಬಿಡುವವರಿಗೆ ಹುರುಪು ತುಂಬುವ ಸಾಧನವಾಯಿತು.

● ಶ್ವಾಸಕೋಶಕ್ಕೂ ವಯಸ್ಸು ಹೇಳಬಹುದು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್‌ನಲ್ಲಿ 561 ಧೂಮಪಾನಿಗಳಿಗೆ ಉಸಿರಾಟದ ಸಾಮರ್ಥ್ಯದ ಪರೀಕ್ಷೆ ಮಾಡಿದರು. ಅರ್ಧ ಜನರಿಗೆ ಬರೀ ಅಂಕಿಗಳನ್ನು ಕೊಟ್ಟರು. ಉಳಿದವರಿಗೆ “ನಿಮ್ಮ ಶ್ವಾಸಕೋಶ ಇಷ್ಟು ವಯಸ್ಸಿನ ಆರೋಗ್ಯವಂತರದ್ದರ ಹಾಗಿದೆ” ಎಂದು ಬಿಡಿಸಿ ಹೇಳಿದರು. ವರ್ಷದ ನಂತರ ಬಿಟ್ಟವರು ಮೊದಲ ಗುಂಪಿನಲ್ಲಿ ಶೇ 6.4, ಎರಡನೆಯದರಲ್ಲಿ ಶೇ 13.6. ಪರೀಕ್ಷೆ ಒಂದೇ, ತಿಳಿಸಿದ ರೀತಿ ಬೇರೆ. 2008ರ ಅಧ್ಯಯನವಿದು.

● ದೆಹಲಿಯ ಬಡ ಬಡಾವಣೆಗಳಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಒಂದೇ ಒಂದು ಸಲ ಹದಿನೈದು ನಿಮಿಷ ಮಾತಾಡಿ, ಯೋಗದ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಬಂದರು. ತಂಬಾಕು ಬಳಸುವ 1,213 ಮಂದಿ ಈ ಪ್ರಯೋಗದಲ್ಲಿದ್ದರು. ಆರು ತಿಂಗಳ ನಂತರ ಪರೀಕ್ಷೆಯಿಂದ ಖಚಿತವಾದಂತೆ ಬಿಟ್ಟವರು ಶೇ 2.6, ಒಂದು ನಿಮಿಷದ ಸಲಹೆ ಮಾತ್ರ ಪಡೆದವರಲ್ಲಿ ಶೇ 0.5. ಐದು ಪಟ್ಟು ಎಂದು ಬೀಗುವಂತಿಲ್ಲ, ನೂರಕ್ಕೆ ಎರಡೂವರೆ ಎಂದು ತಳ್ಳಿಹಾಕುವಂತೆಯೂ ಇಲ್ಲ. ಒಂದೇ ಭೇಟಿ, ಒಂದು ರೂಪಾಯಿ ಔಷಧವಿಲ್ಲ, ಕೈಯಲ್ಲಿ ಕಾಸಿಲ್ಲದವರ ಬೀದಿ. ಇಷ್ಟು ಅಗ್ಗದಲ್ಲಿ ಜೀವ ಉಳಿಸುವ ಉಪಾಯಗಳು ವೈದ್ಯಶಾಸ್ತ್ರದಲ್ಲಿ ಬಹಳ ಇಲ್ಲ.

● ಮೊಬೈಲ್ ಸಂದೇಶವೂ ಕೆಲಸ ಮಾಡುತ್ತದೆ. ಬ್ರಿಟನ್ನಿನಲ್ಲಿ 5,800 ಮಂದಿಯ ಪ್ರಯೋಗದಲ್ಲಿ ಅರ್ಧ ಜನರಿಗೆ ಬಿಡಲು ನೆರವಾಗುವ ಎಸ್ಸೆಮ್ಮೆಸ್, ಉಳಿದವರಿಗೆ ಸಂಬಂಧವಿಲ್ಲದ ಎಸ್ಸೆಮ್ಮೆಸ್ ಕಳಿಸಿದರು. ಸೇದಬೇಕೆಂಬ ತುಡಿತ ತಡೆಯಲಾಗದಾಗ ಒಂದು ಪದ ಟೈಪ್ ಮಾಡಿ ಕಳಿಸಿದರೆ ತಕ್ಷಣ ಉತ್ತರ ಬರುತ್ತಿತ್ತು. ಆರು ತಿಂಗಳಿಗೆ ಬಿಟ್ಟವರು ಶೇ 10.7, ಇನ್ನೊಂದು ಕಡೆ ಶೇ 4.9. 2011ರಲ್ಲಿ ಇದು ಪ್ರಕಟವಾಯಿತು. ಭಾರತದಲ್ಲಿ 2016ರಲ್ಲಿ ಶುರುವಾದ ಇಂಥದೇ ಸೇವೆಗೆ ಹೆಸರು ನೋಂದಾಯಿಸಲು ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು: 011-22901701.

● ನಿಕೋಟಿನ್ ಚೂಯಿಂಗ್ ಗಮ್ ಹುಟ್ಟಿದ್ದು ಜಲಾಂತರ್ಗಾಮಿಗಳಿಂದ! ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಹಡಗಿನೊಳಗೆ ಹೊಗೆ ಬಿಡಲಾಗದ ನಾವಿಕರು ಬಾಯಲ್ಲಿಡುವ ತಂಬಾಕಿಗೆ ಸಲೀಸಾಗಿ ಬದಲಾಗುವುದನ್ನು ಗಮನಿಸಿದರು. ಹೆಲ್ಸಿಂಗ್‌ಬೋರಿಯ ಔಷಧ ಕಂಪನಿಯೊಂದರಲ್ಲಿದ್ದ ಸ್ನೇಹಿತ ಓವ್ ಫೆರ್ನೋ ಅವರಿಗೆ 1967ರ ಕೊನೆಯಲ್ಲಿ ಪತ್ರ ಬರೆದರು. ನಿಕೋಟಿನ್ ಅನ್ನು ಹೊಗೆಯಿಂದ ಬೇರ್ಪಡಿಸಿ ಕೊಡಬಹುದಲ್ಲ ಎಂಬುದು ಅವರ ವಿಚಾರ. ಫೆರ್ನೋ ಸ್ವತಃ ವಿಪರೀತ ಸೇದುವವರು. ಆ ಗಮ್‌ಗೆ ಮೊದಲು ಅನುಮತಿ ಸಿಕ್ಕಿದ್ದು 1978ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, ಅಮೆರಿಕದಲ್ಲಿ 1984ರಲ್ಲಿ.

● ಆ ಗಮ್ ಅಗಿಯುವುದಕ್ಕೆ ಕ್ರಮವಿದೆ. ನಮ್ಮಲ್ಲಿ 2 ಮಿಲಿಗ್ರಾಂನದು ಚೀಟಿ ಇಲ್ಲದೆಯೇ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ, ಆದರೆ ಕ್ರಮ ಹೇಳಿಕೊಡುವವರು ಕಡಿಮೆ. ನಿಧಾನವಾಗಿ ಕೆಲವು ಸಲ ಅಗಿಯಬೇಕು. ನಾಲಿಗೆ ಚುರುಗುಟ್ಟಿದಂತಾಗಿ ಖಾರ ಬಂದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ಸಂದಿಯಲ್ಲಿ ಒತ್ತರಿಸಿಡಬೇಕು. ಖಾರ ಇಳಿದ ಮೇಲೆ ಮತ್ತೆ ಅಗಿಯುವುದು, ಮತ್ತೆ ಇಡುವುದು, ಹೀಗೆ ಅರ್ಧ ಗಂಟೆ. ನಿಕೋಟಿನ್ ಹೀರುವುದು ಬಾಯಿಯ ಒಳಪದರ. ಒಂದೇ ಸಮನೆ ಅಗಿದು ರಸ ನುಂಗಿದರೆ ಅದು ಹೊಟ್ಟೆ ಸೇರಿ ಬಿಕ್ಕಳಿಕೆ, ಎದೆಯುರಿ ಬರುತ್ತದೆ, ತುಡಿತ ಅಲ್ಲೇ ಉಳಿಯುತ್ತದೆ. “ಗಮ್ ತಗೊಂಡೆ, ಏನೂ ಆಗ್ಲಿಲ್ಲ” ಎನ್ನುವವರಲ್ಲಿ ಅನೇಕರು ಎಡವಿರುವುದು ಇಲ್ಲೇ. ಇನ್ನೊಂದು ಮಾತು: ಕಾಫಿ, ಹಣ್ಣಿನ ರಸ, ಸೋಡಾ ಕುಡಿದ ಬಾಯಲ್ಲಿ ಆಮ್ಲ ಹೆಚ್ಚಾಗಿ ನಿಕೋಟಿನ್ ಸರಿಯಾಗಿ ಒಳಗೆ ಹೋಗುವುದಿಲ್ಲ. ಕಾಲು ಗಂಟೆ ಅಂತರ ಬೇಕು.

● ಕಾಫಿ ಪ್ರಿಯರಿಗೆ ಇದು ಬಹಳ ಮುಖ್ಯ. ಹೊಗೆಯಲ್ಲಿನ ಅಂಶಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕಾಗಿಸುವುದರಿಂದ ಸೇದುವವರ ದೇಹ ಕೆಫೀನನ್ನು ಬೇಗಬೇಗ ಕರಗಿಸಿಬಿಡುತ್ತದೆ. ಸಿಗರೇಟು ಬಿಟ್ಟ ಮೇಲೆ ಆ ವೇಗ ಇಳಿಯುತ್ತದೆ. ಮೊದಲಿನಷ್ಟೇ ಲೋಟ ಫಿಲ್ಟರ್ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಪ್ರಮಾಣ ಸುಮಾರು ಎರಡು ಪಟ್ಟಾಗುತ್ತದೆ. ನಿದ್ದೆ ಬರುವುದಿಲ್ಲ, ಕೈ ನಡುಗುತ್ತದೆ, ಸಿಡುಕು ಹೆಚ್ಚುತ್ತದೆ. ಎಲ್ಲವನ್ನೂ ಸಿಗರೇಟು ಬಿಟ್ಟ ಸಂಕಟ ಎಂದುಕೊಂಡು ಮತ್ತೆ ಹಚ್ಚುತ್ತಾರೆ. ಕಾಫಿಯನ್ನು ಅರ್ಧಕ್ಕಿಳಿಸಿದರೆ ಆ ಕಷ್ಟದ ಒಂದು ಪಾಲು ತಾನಾಗಿ ಹೋಗುತ್ತದೆ. ಇದೇ ಕಿಣ್ವದ ಕಾರಣಕ್ಕೆ ಕ್ಲೋಜಪಿನ್‌ನಂಥ ಮನೋರೋಗದ ಮಾತ್ರೆ ತೆಗೆದುಕೊಳ್ಳುವವರು ಸಿಗರೇಟು ಬಿಡುವಾಗ ವೈದ್ಯರಿಗೆ ತಪ್ಪದೆ ತಿಳಿಸಬೇಕು, ಡೋಸ್ ಬದಲಿಸಬೇಕಾಗಬಹುದು.

● ಖಿನ್ನತೆಗೆ ಕೊಡುತ್ತಿದ್ದ ಬುಪ್ರೊಪಿಯಾನ್ ಮಾತ್ರೆ ಸಿಗರೇಟಿನ ಆಸೆಯನ್ನೂ ತಗ್ಗಿಸುತ್ತದೆ ಎಂಬುದು ತಿಳಿದು, 1997ರಲ್ಲಿ ಅಮೆರಿಕದಲ್ಲಿ ಅದಕ್ಕೂ ಅನುಮತಿ ಸಿಕ್ಕಿತು. ವೆರೆನಿಕ್ಲಿನ್ ಬಂದದ್ದು 2006ರಲ್ಲಿ. ಇವೆರಡನ್ನೂ ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು.

● ಎರಡನೇ ಮಹಾಯುದ್ಧದಲ್ಲಿ ತಂಬಾಕು ಸಿಗದ ಸೈನಿಕರು ಲ್ಯಾಬರ್ನಮ್ ಎಂಬ ಹಳದಿ ಹೂವಿನ ಮರದ ಎಲೆ ಸೇದುತ್ತಿದ್ದರು. ಅದರಲ್ಲಿರುವ ಸಿಟಿಸಿನ್ ಎಂಬ ವಸ್ತುವಿನಿಂದ ಬಲ್ಗೇರಿಯಾ 1964ರಲ್ಲೇ ಸಿಗರೇಟು ಬಿಡಿಸುವ ಮಾತ್ರೆ ಮಾಡಿ ಮಾರಿತು. ಪಶ್ಚಿಮದ ದೇಶಗಳು ಅದರತ್ತ ಗಂಭೀರವಾಗಿ ನೋಡಿದ್ದು 2011ರಲ್ಲಿ, ವಾರ್ಸಾದಲ್ಲಿ 740 ಜನರ ಮೇಲೆ ಪ್ರಯೋಗ ನಡೆದ ಮೇಲೆ: ವರ್ಷದ ನಂತರ ಬಿಟ್ಟವರು ಸಿಟಿಸಿನ್ ತಿಂದವರಲ್ಲಿ ಶೇ 8.4, ಹುಸಿಮಾತ್ರೆ ತಿಂದವರಲ್ಲಿ ಶೇ 2.4.

● ಅದೇ ಸಿಟಿಸಿನ್ ಅನ್ನು ಬಾಂಗ್ಲಾದೇಶ ಮತ್ತು ಪಾಕಿಸ್ತಾನದ 2,472 ಕ್ಷಯರೋಗಿಗಳಿಗೆ ಕೊಟ್ಟು ನೋಡಿದಾಗ ಬೇರೆಯೇ ಫಲಿತಾಂಶ ಬಂತು. ಆರು ತಿಂಗಳಿಗೆ ಬಿಟ್ಟವರು ಮಾತ್ರೆ ತಿಂದವರಲ್ಲಿ ಶೇ 32.4, ಹುಸಿಮಾತ್ರೆಯವರಲ್ಲಿ ಶೇ 29.7. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಔಷಧ ಸೋತಿತು ಎಂದು ಇಲ್ಲಿಗೇ ಮುಚ್ಚಿಡಬಹುದಿತ್ತು. ಆದರೆ ಹುಸಿಮಾತ್ರೆಯವರಲ್ಲೂ ನೂರಕ್ಕೆ ಸುಮಾರು ಮೂವತ್ತು ಮಂದಿ ಹೇಗೆ ಬಿಟ್ಟರು? ಎರಡೂ ಗುಂಪಿಗೆ ಕ್ಷಯದ ಚಿಕಿತ್ಸೆಯ ಜೊತೆಜೊತೆಗೇ ಆಪ್ತಸಮಾಲೋಚನೆ ಸಿಕ್ಕಿತ್ತು. ಕೆಮ್ಮಿ ಹಣ್ಣಾಗಿ ಆಸ್ಪತ್ರೆಗೆ ಬಂದ ಹೊತ್ತಿನಲ್ಲಿ ಹೇಳಿದ ಮಾತು ಒಳಗಿಳಿಯುತ್ತದೆ. ನಮ್ಮ ಕ್ಷಯ ಘಟಕಗಳಿಗೆ ಬಹಳ ಹತ್ತಿರದ ಸಂಶೋಧನೆಯಿದು.

● ಆಸ್ಪತ್ರೆಯಲ್ಲಿ ಶುರುವಾದ ನೆರವು ಆಸ್ಪತ್ರೆಯಲ್ಲೇ ನಿಂತರೆ ಪ್ರಯೋಜನ ಕಡಿಮೆ. ಡಿಸ್ಚಾರ್ಜ್ ಆದ ಮೇಲೂ ಕನಿಷ್ಠ ಒಂದು ತಿಂಗಳು ಫೋನ್ ಮೂಲಕವಾದರೂ ಮುಂದುವರಿಸಿದಾಗ ಮಾತ್ರ ಫಲ ಕೊಟ್ಟಿತು ಎಂದು ಅನೇಕ ಪ್ರಯೋಗಗಳನ್ನು ಕಲೆಹಾಕಿದ ಕಾಕ್ರೇನ್ ವಿಮರ್ಶೆ ಹೇಳಿದೆ.

● ಬಿಟ್ಟರೆ ದುಡ್ಡು! ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ 878 ನೌಕರರಲ್ಲಿ ಅರ್ಧ ಜನರಿಗೆ ಬಿಟ್ಟು ಉಳಿದರೆ ಹಂತಹಂತವಾಗಿ ಒಟ್ಟು 750 ಡಾಲರ್ ಕೊಡುವುದಾಗಿ ಹೇಳಿದರು. ವರ್ಷದ ಹೊತ್ತಿಗೆ ಬಿಟ್ಟವರು ಶೇ 14.7, ದುಡ್ಡಿನ ಮಾತಿಲ್ಲದವರಲ್ಲಿ ಶೇ 5. ಗ್ಲಾಸ್ಗೋದಲ್ಲಿ 612 ಗರ್ಭಿಣಿಯರ ಪ್ರಯೋಗದಲ್ಲಿ 400 ಪೌಂಡ್‌ವರೆಗಿನ ಅಂಗಡಿ ವೋಚರ್ ಕೊಟ್ಟಾಗ ಶೇ 22.5, ಕೊಡದಾಗ ಶೇ 8.6. ಲಂಚ ಕೊಟ್ಟು ಬಿಡಿಸುವುದೇ ಎಂದು ಮೂಗು ಮುರಿದವರುಂಟು. ಹೊಟ್ಟೆಯಲ್ಲಿರುವ ಮಗುವಿನ ಉಸಿರಿನ ಮುಂದೆ ಆ ಆಕ್ಷೇಪಕ್ಕೆ ತೂಕವಿದೆ ಎಂದು ನನಗನ್ನಿಸುವುದಿಲ್ಲ.

● ಫಿಲಿಪ್ಪೀನ್ಸ್‌ನ ಮಿಂಡನಾವೊ ದ್ವೀಪದಲ್ಲಿ ಇದನ್ನೇ ತಿರುಗಿಸಿದರು. ಸೇದುವವರು ತಮ್ಮದೇ ಹಣವನ್ನು ಆರು ತಿಂಗಳು ಬ್ಯಾಂಕಿನಲ್ಲಿ ಇಡಬೇಕು, ಬಡ್ಡಿ ಇಲ್ಲ. ಕೊನೆಗೆ ಮೂತ್ರ ಪರೀಕ್ಷೆ. ನಿಕೋಟಿನ್ ಇಲ್ಲದಿದ್ದರೆ ಹಣ ವಾಪಸ್, ಇದ್ದರೆ ಅಷ್ಟೂ ದಾನಕ್ಕೆ. ಕರೆದವರಲ್ಲಿ ಒಪ್ಪಿ ಖಾತೆ ತೆರೆದವರು ಶೇ 11 ಮಾತ್ರ. ಆದರೂ ಖಾತೆಯ ಅವಕಾಶ ಸಿಕ್ಕ ಇಡೀ ಗುಂಪಿನಲ್ಲಿ ಬಿಟ್ಟವರು ಹೆಚ್ಚಾದರು. ವರ್ಷದ ಮೇಲೆ ಮುನ್ಸೂಚನೆ ಇಲ್ಲದೆ ಪರೀಕ್ಷಿಸಿದಾಗಲೂ ಆ ವ್ಯತ್ಯಾಸ ಅಳಿದಿರಲಿಲ್ಲ.

● “ಹತ್ತು ಸೇದ್ತಿದ್ದವನು ಈಗ ಐದಕ್ಕೆ ಇಳಿಸಿದೀನಿ, ನಿಧಾನಕ್ಕೆ ಬಿಡ್ತೀನಿ.” ಇದು ಎಲ್ಲ ಮನೆಗಳಲ್ಲೂ ಕೇಳುವ ಮಾತು. ಇಂಗ್ಲೆಂಡಿನಲ್ಲಿ 697 ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಎರಡು ವಾರದಲ್ಲಿ ಇಳಿಸುತ್ತ ಬಿಡಲು, ಇನ್ನೊಂದಕ್ಕೆ ಗೊತ್ತುಮಾಡಿದ ದಿನ ಒಮ್ಮೆಲೇ ಬಿಡಲು ಹೇಳಿದರು. ನಾಲ್ಕು ವಾರದ ನಂತರ ಒಮ್ಮೆಲೇ ಬಿಟ್ಟವರಲ್ಲಿ ಶೇ 49 ಮಂದಿ ಸೇದದೆ ಉಳಿದಿದ್ದರು, ಇಳಿಸಿ ಬಿಟ್ಟವರಲ್ಲಿ ಶೇ 39. ಒಮ್ಮೆಲೇ ಬಿಡುವುದು ಮೇಲು. ಆದರೆ ಇಳಿಸಿ ಬಿಟ್ಟವರಿಗೂ ಸಮಾಲೋಚನೆ, ಔಷಧ ಇದ್ದುದರಿಂದ ಆ ದಾರಿಯೂ ಪೂರ್ತಿ ವ್ಯರ್ಥವಾಗಲಿಲ್ಲ.

● “ಟೆನ್ಷನ್‌ಗೆ ಸೇದೋದು” ಎಂಬ ನಂಬಿಕೆಯನ್ನು 26 ಅಧ್ಯಯನಗಳ 2014ರ ವಿಮರ್ಶೆ ಅಲ್ಲಾಡಿಸಿತು. ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಸೇದುತ್ತ ಉಳಿದವರಿಗಿಂತ ಕಡಿಮೆಯಾದವು. ಸೇದಿದಾಗ ಸಿಗುವ ಹಾಯ್ ಎನಿಸುವಿಕೆಯಲ್ಲಿ ದೊಡ್ಡ ಪಾಲು ಹಿಂದಿನ ಸಿಗರೇಟು ಇಳಿದ ಸಂಕಟದ ಶಮನ.

● ತೂಕ ಹೆಚ್ಚುತ್ತದೆ ಎಂಬುದು ನಿಜ. ಔಷಧವಿಲ್ಲದೆ ಬಿಟ್ಟವರಲ್ಲಿ ವರ್ಷಕ್ಕೆ ಸರಾಸರಿ ನಾಲ್ಕೈದು ಕಿಲೋ. ಮುಚ್ಚಿಡದೆ ಮೊದಲೇ ಹೇಳುವ ಕೌನ್ಸೆಲರ್ ಒಳ್ಳೆಯ ಕೌನ್ಸೆಲರ್.

● ಒಬ್ಬರು ಬಿಟ್ಟರೆ ಸುತ್ತಲಿನವರೂ ಬಿಡುತ್ತಾರೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದ ಹೃದಯ ಅಧ್ಯಯನದಲ್ಲಿದ್ದ 12,067 ಜನರ ಬಂಧು-ಮಿತ್ರರ ಜಾಲವನ್ನು 1971ರಿಂದ 2003ರವರೆಗೆ ಬಿಡಿಸಿ ನೋಡಿದಾಗ, ಗಂಡ ಅಥವಾ ಹೆಂಡತಿ ಬಿಟ್ಟರೆ ಜೊತೆಯವರು ಸೇದುವ ಸಂಭವ ಶೇ 67ರಷ್ಟು ಕಡಿಮೆ. ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಶೇ 25, ಗೆಳೆಯರಲ್ಲಿ ಶೇ 36. ಚಿಕ್ಕ ಕಚೇರಿಯ ಸಹೋದ್ಯೋಗಿಗಳಲ್ಲೂ ಶೇ 34. ಚಹಾದ ಬಿಡುವಿನಲ್ಲಿ ಒಟ್ಟಿಗೆ ಹೊರಗೆ ಹೋಗುವ ನಾಲ್ವರಲ್ಲಿ ಒಬ್ಬ ಬಿಟ್ಟರೆ ಉಳಿದ ಮೂವರ ಲೆಕ್ಕವೂ ಬದಲಾಗುತ್ತದೆ.

● ಇ-ಸಿಗರೇಟಿನ ವಿಷಯ ಜಟಿಲ. ಇಂಗ್ಲೆಂಡಿನ ಕೇಂದ್ರಗಳಲ್ಲಿ 886 ಜನರ ಪ್ರಯೋಗದಲ್ಲಿ (2019) ಇ-ಸಿಗರೇಟು ಪಡೆದವರಲ್ಲಿ ಶೇ 18 ಮಂದಿ ವರ್ಷದ ನಂತರ ಸಿಗರೇಟು ಬಿಟ್ಟಿದ್ದರು, ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ಪಟ್ಟಿಯಂಥವನ್ನು ಪಡೆದವರಲ್ಲಿ ಶೇ 9.9. ಆದರೆ ಹಾಗೆ ಬಿಟ್ಟವರಲ್ಲಿ ನೂರಕ್ಕೆ ಎಂಬತ್ತು ಮಂದಿ ಇ-ಸಿಗರೇಟನ್ನು ಇನ್ನೂ ಬಿಟ್ಟಿರಲಿಲ್ಲ. ಭಾರತದಲ್ಲಿ 2019ರಿಂದ ಅದರ ಮಾರಾಟ ನಿಷಿದ್ಧ.

● ಎಷ್ಟು ಸಲ ಪ್ರಯತ್ನಿಸಿದರೆ ಪೂರ್ತಿ ಬಿಡಲು ಸಾಧ್ಯ? ಐದಾರು ಸಲ ಎಂದು ಹೇಳುವ ರೂಢಿ ಇತ್ತು. ಕೆನಡಾದ ಒಂಟಾರಿಯೊದ ಧೂಮಪಾನಿಗಳನ್ನು ಹಿಂಬಾಲಿಸಿದ 2016ರ ಅಧ್ಯಯನದ ಅಂದಾಜು ಮೂವತ್ತನ್ನೂ ಮುಟ್ಟಿತು. ಏಳನೇ ಸಲ ಸೋತವನಿಗೆ ಈ ಸಂಖ್ಯೆ ಹೆದರಿಸಲೆಂದು ಹೇಳಿದ್ದಲ್ಲ.

● ಜಪಾನ್ 2020ರಲ್ಲಿ ಸಿಗರೇಟು ಬಿಡಿಸುವ ಮೊಬೈಲ್ ಆ್ಯಪ್‌ಗೆ ಚಿಕಿತ್ಸೆಯ ಮಾನ್ಯತೆ ಕೊಟ್ಟಿತು. ವೈದ್ಯರೇ ಬರೆದುಕೊಡಬೇಕು. ಮನೆಯಲ್ಲೇ ಊದುವ ಉಸಿರು ಪರೀಕ್ಷೆಯ ಯಂತ್ರವೂ ಜೊತೆಗಿರುತ್ತದೆ.

● ಭಾರತದ ಅತ್ಯಗತ್ಯ ಔಷಧಗಳ ಪಟ್ಟಿಗೆ ಗಮ್‌ನಂಥ ನಿಕೋಟಿನ್ ಬದಲಿ ಚಿಕಿತ್ಸೆ 2022ರಲ್ಲಿ ಸೇರಿತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತನ್ನ ಪಟ್ಟಿಗೆ 2009ರಲ್ಲೇ ಸೇರಿಸಿತ್ತು.

● ಕರ್ನಾಟಕದಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು. 2016-17ರ ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಶೇ 22.8 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಬೀಡಿ-ಸಿಗರೇಟು ಸೇದುವವರು ಶೇ 8.8, ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ ಹಾಕುವವರು ಶೇ 16.3. ಅದಕ್ಕೂ ಆರೇಳು ವರ್ಷ ಹಿಂದೆ ಒಟ್ಟು ಪ್ರಮಾಣ ಶೇ 28.2 ಇತ್ತು, ಅಲ್ಲಿಂದ ಇಳಿದಿತ್ತು. ಸಹಾಯವಾಣಿ ಇರುವುದು ಸೇದುವವರಿಗೆ ಮಾತ್ರ ಎಂದು ಎಲೆಅಡಿಕೆ ಚೀಲದಲ್ಲಿ ಹೊಗೆಸೊಪ್ಪು ಇಟ್ಟುಕೊಂಡ ಅಜ್ಜಿಯರು ತಿಳಿಯಬೇಕಿಲ್ಲ. ಅವರಿಗೂ ಅದೇ ನಂಬರ್.

● ಬ್ರಿಟನ್ನಿನ ವೈದ್ಯರನ್ನು 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ರಿಚರ್ಡ್ ಡಾಲ್ ಅವರ ಅಧ್ಯಯನದ ಪ್ರಕಾರ ಸಿಗರೇಟು ಸರಾಸರಿ ಹತ್ತು ವರ್ಷ ಆಯುಷ್ಯ ಕಸಿಯುತ್ತದೆ. ಅರವತ್ತರಲ್ಲಿ ಬಿಟ್ಟರೂ ಅದರಲ್ಲಿ ಮೂರು ವರ್ಷ ವಾಪಸ್ ಬರುತ್ತದೆ, ಐವತ್ತರಲ್ಲಿ ಆರು, ನಲವತ್ತರಲ್ಲಿ ಒಂಬತ್ತು, ಮೂವತ್ತರಲ್ಲಿ ಹೆಚ್ಚುಕಡಿಮೆ ಪೂರ್ತಿ ಹತ್ತು. ಡಾಲ್ ಕೂಡ ಸೇದುತ್ತಿದ್ದವರೇ. ಶ್ವಾಸಕೋಶದ ಕ್ಯಾನ್ಸರಿನ ತಮ್ಮ ಮೊದಲ ಅಧ್ಯಯನದ ಅಂಕಿಅಂಶಗಳು ಕೈಸೇರುತ್ತಿದ್ದಾಗ, ಮೂವತ್ತೇಳರ ಆಸುಪಾಸಿನಲ್ಲಿ ಬಿಟ್ಟರು. ಐವತ್ತು ವರ್ಷದ ಈ ಲೆಕ್ಕ 2004ರಲ್ಲಿ ಪ್ರಕಟವಾದಾಗ ಅವರಿಗೆ 91 ವರ್ಷ.